ಚಿಗವ್ವನ ಮಣ್ಣಿನ ಟ್ರ್ಯಾಕ್ಟರ್

ಹೋದ ವಾರ ಅಪ್ಪನ ಜೊತೆ ಹುಬ್ಬಳ್ಳಿಗೆ ಹೋಗಿದ್ದೆ, ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿಗೆ. ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಕಪಾಟಿನಲ್ಲಿ ಅಂಗೈ ಅಗಲದ ಒಂದು ಕೆಂಪು ಟ್ರ್ಯಾಕ್ಟರ್ ಇಟ್ಟಿದ್ದರು. ತಗಡಿನದು. ಅದನ್ನು ನೋಡುತ್ತ ನಿಂತದ್ದೇ ನನ್ನ ತಪ್ಪಾಯಿತು. ಅಪ್ಪ ಅಂಗಡಿಯವನಿಗೆ ಹಳೆಯ ಕತೆ ಶುರು ಮಾಡಿದ.

"ಇಂಥಾದ್ದೊಂದು ಮಣ್ಣಾಗ ಮಾಡಿದ್ಲ್ರೀ ನಮ್ಮ ಬಾಜೂ ಮನಿಯಾಕಿ. ಹೊಟ್ಟಿಕಿಚ್ಚು ನೋಡ್ರಿ! ನಮ್ಮ ಜಗಲಿ ಮ್ಯಾಲ ಇಟ್ಟು ಹೋದ್ಲು. ಆ ವರ್ಷ ಹೊಲದಾಗ ಏಳಕ್ಕೊಂದು ಸಾಲು ಹುಟ್ಟಲೇ ಇಲ್ಲ."

"ಕಣ್ಣ ಬಿದ್ರ ಕಲ್ಲೂ ಒಡೀತೈತ್ರೀ ಯಜಮಾನ್ರ," ಎಂದ ಅಂಗಡಿಯವನು.

ಊರಲ್ಲಿ ಎಲ್ಲರೂ ಹೇಳುವುದು ಇದನ್ನೇ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಗೆದ್ದವಳು. ಎದುರಾಳಿಯ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಕೊಳ್ಳಬೇಕು ಎಂದು ಕಲಿತಿದ್ದೇನೆ. ಒಪ್ಪುತ್ತೇನೆ. ಆ ವರ್ಷ ಹೊಟ್ಟೆಕಿಚ್ಚು ಇತ್ತು. ಸಾಲು ಹುಟ್ಟದೇ ಹೋದದ್ದೂ ಅದರಿಂದಲೇ. ಆದರೆ ಅದು ಚಿಗವ್ವನದಲ್ಲ. ನನ್ನದು.

ಚಿಗವ್ವ ಎಂದರೆ ರಕ್ತಸಂಬಂಧವೇನಲ್ಲ, ನಡುವಿನ ಒಂದು ಗೋಡೆಯ ಸಂಬಂಧ. ಯರಗುಪ್ಪಿಯ ಕಡೆಯ ನಮ್ಮ ಎರೆಹೊಲಗಳಲ್ಲಿ ಎತ್ತುಗಳು ಕೂರಿಗೆ ಎಳೆಯುತ್ತಿದ್ದರೆ, ಆಕೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ ಮುಷ್ಟಿಯಿಂದ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ಬಟ್ಟಲಿನ ಕೆಳಗಿನ ಕೊಳವೆ ಕಟ್ಟಿಕೊಂಡರೆ ಕಣ್ಣಿಗಿಂತ ಮೊದಲು ಆಕೆಯ ಅಂಗೈಗೆ ತಿಳಿಯುತ್ತಿತ್ತು. ಬಿತ್ತನೆಯ ಹಂಗಾಮು ಬಂತೆಂದರೆ ಆಕೆಯ ಬಾಗಿಲಲ್ಲಿ ನಾಲ್ಕು ಮನೆಯವರು ಕಾಯುತ್ತಿದ್ದರು. ನಮ್ಮ ಹೊಲವನ್ನೂ ಆಕೆಯೇ ಬಿತ್ತುತ್ತಿದ್ದಳು. ಬೆಳೆ ತುಂಬಿ ಬಂದ ವರ್ಷ ಕಟ್ಟೆಯ ಮೇಲೆ ಕುಳಿತವರು ಅಪ್ಪನಿಗೆ, "ಹೊಲ ನಿಂದಿರಬೋದೋ, ಬೆಳಿ ಆಕಿ ಕೈದು," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ... ಸ್ವಲ್ಪ ತಡವಾಗಿ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಅಪ್ಪ ಟ್ರ್ಯಾಕ್ಟರ್ ತಂದ. ಊರಿಗೇ ಮೊದಲನೆಯದು. ಅದರ ಹಿಂದೆ ಕಟ್ಟುವ ಕಬ್ಬಿಣದ ಕೂರಿಗೆಯೂ ಬಂತು. ಮೇಲೆ ಉದ್ದನೆಯ ಬೀಜದ ಪೆಟ್ಟಿಗೆ, ಕೆಳಗೆ ಏಳು ಕೊಳವೆ. ಹಿಂದೆ ಯಾರೂ ನಡೆಯಬೇಕಿಲ್ಲ, ಯಾರ ಕೈಯೂ ಬೇಕಿಲ್ಲ. ಅಪ್ಪ ಎತ್ತುಗಳನ್ನು ಮಾರಿಬಿಟ್ಟ. ಚಿಗವ್ವನಿಗೆ, "ಈ ವರ್ಷ ನೀ ಬರೂದು ಬ್ಯಾಡವಾ, ಆರಾಮ ಇರು," ಎಂದ. ಆಕೆ "ಆತ್ರೀ ಮಾವಾರ" ಎಂದಳು. ಅಷ್ಟೇ.

ಬಿಕ್ಕಟ್ಟು ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಗೆ. ಎರೆಮಣ್ಣು ಕಲಸಿ, ಜೋಡಿ ಎತ್ತು ಮಾಡಿ, ಜಗಲಿಯ ಮೇಲಿಟ್ಟು ಪೂಜಿಸುವ ಹಬ್ಬ. ಓಣಿಯ ಎತ್ತುಗಳನ್ನೆಲ್ಲ ಚಿಗವ್ವನೇ ಮಾಡುತ್ತಿದ್ದಳು, ನಾನು ಆಕೆಯ ಮಗ್ಗುಲಲ್ಲಿ ಕುಳಿತು ಕಲಿಯುತ್ತಿದ್ದೆ. ಕೊಟ್ಟಿಗೆಯಲ್ಲಿ ಎತ್ತೇ ಇಲ್ಲ, ಜಗಲಿಗೆ ಏನಿಡುವುದು ಎಂದು ಅವ್ವನಿಗೆ ಚಿಂತೆ. "ಮಣ್ಣಿನ ಟ್ರ್ಯಾಕ್ಟರ್ ಮಾಡಿ ಪೂಜಿ ಮಾಡ್ರಿ," ಎಂದ ಅಪ್ಪ, ಚೇಷ್ಟೆಗೆ. ಅವ್ವ ಅದನ್ನು ನಿಜವೆಂದೇ ಹಿಡಿದು ಚಿಗವ್ವನಿಗೆ ಹೇಳಿದಳು. ಗಮನಿಸಬೇಕು, ಮಾಡಿಸಿದ್ದು ನಮ್ಮ ಮನೆ.

ನಾನೂ ಒಂದು ಮಾಡಿದೆ. ಟ್ರ್ಯಾಕ್ಟರ್ ನಮ್ಮದು, ದಿನಾ ಅದರ ಮೇಲೆ ಹತ್ತಿ ಕುಳಿತುಕೊಳ್ಳುವವಳು ನಾನು, ನಾನು ಮಾಡದೆ ಇನ್ನಾರು ಮಾಡಬೇಕು? ಚಿಗವ್ವ ಮೂರು ದಿನ ನಮ್ಮ ಅಂಗಳಕ್ಕೆ ಬಂದು ಬರೀ ನೋಡಿದಳು. ಗೇಣು ಹಾಕಿ ಅಳೆದಳು. ಕೂರಿಗೆಯ ಕೆಳಗೆ ಬಗ್ಗಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ನೋಡಿದಳು. ಆಮೇಲೆ ಒಂದೇ ಮುಂಜಾನೆಯಲ್ಲಿ ಮಾಡಿ ಮುಗಿಸಿದಳು. ಚಕ್ರದ ಗೀರುಗಳನ್ನು ಹಣಿಗೆಯ ಹಲ್ಲಿನಿಂದ ಒತ್ತಿದ್ದಳು. ಎತ್ತಿನ ಕಣ್ಣಿಗೆ ಇಡುವ ಗುಲಗಂಜಿ ಮುಂದಿನ ದೀಪಗಳಾಗಿದ್ದವು. ಅಂಗಿಯ ಗುಂಡಿ ಚುಕ್ಕಾಣಿ. ಹಿಂದಿನ ಕೂರಿಗೆಗೆ ಏಳು ಕೊಳವೆ, ಜೋಳದ ದಂಟಿನ ಚೂರುಗಳು.

ಅಪ್ಪ ಅದನ್ನು ನೋಡಲು ಕುಕ್ಕರುಗಾಲಿನಲ್ಲಿ ಕುಳಿತ. ನನ್ನ ಮಣ್ಣೆತ್ತುಗಳಿಗಾಗಿ ಎಂದೂ ಹಾಗೆ ಕುಳಿತವನಲ್ಲ. "ಅಗದಿ ನಮ್ದ ಐತಲ್ಲೋ! ಚಾವಿ ಹಾಕಿದ್ರ ಚಾಲೂ ಆಕ್ಕೈತಿ!" ಎಂದ. ನಂತರ ನನ್ನದರ ಕಡೆ ತಿರುಗಿ, "ಇದೇನ್ಬೇ, ಎಮ್ಮಿ ಮಲಗೇತೇನ?" ಎಂದ. ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಚಿಗವ್ವನದು ಜಗಲಿ ಏರಿತು, ನನ್ನದನ್ನು ಅವ್ವ ಕಿಟಕಿಯಲ್ಲಿಟ್ಟಳು. ಅಂಗಳದಲ್ಲಿ ನಿಜವಾದ ಟ್ರ್ಯಾಕ್ಟರ್ ಒಂಟಿಯಾಗಿ ನಿಂತಿತ್ತು, ಜನವೆಲ್ಲ ಜಗಲಿಯ ಮುಂದೆ. ನಗದಿದ್ದವಳು ಚಿಗವ್ವ ಒಬ್ಬಳೇ. ಅದು ಇನ್ನಷ್ಟು ಉರಿಸಿತು.

ಆ ಸಂಜೆ ಆಕೆ ನನ್ನನ್ನು ಹಿತ್ತಲಿಗೆ ಕರೆದಳು.

"ನಿಮ್ಮ ಕೂರಿಗಿ ನಡುವಿನ ಕೊಳವ್ಯಾಗ ಕಣಜದ ಹುಳ ಗೂಡು ಕಟ್ಟೇತಿ ನೋಡವ್ವಾ. ಮಣ್ಣ ತುಂಬಿ ಗಟ್ಟಿ ಆಗೇತಿ, ಕಾಳು ಬೀಳಂಗಿಲ್ಲ. ಬಿತ್ತೂಕಿಂತ ಮೊದ್ಲ ಅಪ್ಪಗ ಹೇಳು."

"ನೀನ ಹೇಳು."

"ನಾ ಹೇಳಿದ್ರ ಹೊಟ್ಟಿಕಿಚ್ಚಿಗೆ ಹೇಳ್ತಾಳ ಅಂತಾರ. ನೀ ಮನಿ ಮಗಳು. ನೀ ಹೇಳು."

ನಾನು ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಮರುದಿನ ಅಪ್ಪ ರೊಟ್ಟಿ ತಿನ್ನುವಾಗ ಎದುರಿಗೇ ಕುಳಿತಿದ್ದೆ, ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ ಅವ್ವನಿಗೆ, "ಏನ್ ಕೈ ಅದ ಬೇ ಆಕಿದು!" ಎಂದ. ಮುಗಿಯಿತು. ಕೊಳವೆಯ ಸುದ್ದಿ ಹೇಳಿದರೆ ಆ ಕೈಗೆ ಇನ್ನೊಂದು ಹೊಗಳಿಕೆಯನ್ನು ನಾನೇ ತಂದುಕೊಟ್ಟಂತಾಗುತ್ತಿತ್ತು. ರೊಟ್ಟಿಯ ಜೊತೆ ಮಾತನ್ನೂ ನುಂಗಿದೆ. ಸುಳ್ಳು ಹೇಳಿಲ್ಲ, ಯಾರೂ ನನ್ನನ್ನು ಕೇಳಿಲ್ಲ ಎಂದು ನನ್ನೊಳಗೇ ವಾದ ಹೂಡಿದೆ. ನಾನು ಗೆದ್ದ ಮೊದಲ ಚರ್ಚೆ ಅದೇ ಇರಬೇಕು.

ನಾಲ್ಕು ದಿನಕ್ಕೆ ಹದವಾದ ಮಳೆ ಬಿತ್ತು. ಬಿತ್ತಿದ್ದು ಹೈಬ್ರೀಡ್ ಜೋಳ. ಎರಡು ದಿನದ ಬಿತ್ತನೆ ಮಧ್ಯಾಹ್ನದೊಳಗೆ ಮುಗಿದುಹೋಯಿತು, ಊರೇ ಬದುವಿನ ಮೇಲೆ ನಿಂತು ಬೆರಗಾಯಿತು. ವಾರದ ಮೇಲೆ ಮೊಳಕೆ ಎದ್ದಾಗಲೂ ಊರೇ ಬಂತು. ಆರು ಸಾಲು ಹಸಿರು, ಒಂದು ಬೋಳು, ಮತ್ತೆ ಆರು ಹಸಿರು, ಮತ್ತೊಂದು ಬೋಳು... ಬದುವಿನಿಂದ ಬದುವಿನ ತನಕ ಬೈತಲೆ ತೆಗೆದ ಹಾಗೆ. ಇಷ್ಟು ಅಚ್ಚುಕಟ್ಟಾದ ತಪ್ಪನ್ನು ಎತ್ತಿನ ಕೂರಿಗೆ ಎಂದೂ ಮಾಡಿರಲಿಲ್ಲ.

ಯಾರೋ ಮಣ್ಣಿನ ಟ್ರ್ಯಾಕ್ಟರಿನ ಸುದ್ದಿ ಎತ್ತಿದರು. ಆಕೆ ಅದರ ನಡುವಿನ ಕೊಳವೆ ಮುಚ್ಚಿ ಮಾಟ ಮಾಡಿದ್ದಳಂತೆ! ಜೋಳದ ದಂಟಿನಲ್ಲಿ ತೂತು ಎಲ್ಲಿಂದ ಬರಬೇಕು? ಒಳಗೆಲ್ಲ ಬೆಂಡು. ಏಳಕ್ಕೆ ಏಳೂ ಮುಚ್ಚಿದ್ದವು. ಮಾಟವೇ ಆಗಿದ್ದರೆ ಹೊಲದಲ್ಲಿ ಒಂದು ಸಾಲೂ ಹುಟ್ಟಬಾರದಿತ್ತು. ಈ ವಾದ ಈಗ ಹೊಳೆಯುತ್ತದೆ. ಆಗ ನನ್ನ ಬಳಿ ಇದಕ್ಕಿಂತ ದೊಡ್ಡ ಸಾಕ್ಷಿಯೇ ಇತ್ತು, ಬಾಯಿ ಬಿಡಲಿಲ್ಲ.

"ಬೋಳ ಸಾಲಿಗೆ ಆಕಿನ್ನ ಕರದು ಕೈಲೆ ಕಾಳು ಹಾಕಸ್ರಿ," ಎಂದಳು ಅವ್ವ.

"ಆಕಿ ಕಾಲು ನನ್ನ ಹೊಲದಾಗ ಬೀಳಬಾರ್ದು," ಎಂದ ಅಪ್ಪ, ಅಂಗಳದಲ್ಲಿ ನಿಂತು, ನಾಲ್ಕು ಜನ ಕೇಳುವ ಹಾಗೆ. ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಒಮ್ಮೆ ನಿಂತು, ಮತ್ತೆ ಶುರುವಾಯಿತು.

ಮರುದಿನ ಅಪ್ಪ ಕೂರಿಗೆಯ ಹತ್ತಿರ ಒಬ್ಬನೇ ಕುಳಿತಿದ್ದ. ಸರಳು ಹಾಕಿ ನಡುವಿನ ಕೊಳವೆಯನ್ನು ಕೆದಕುತ್ತಿದ್ದ. ಒಣಮಣ್ಣಿನ ಗೂಡು ಉದುರಿ ಬಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದ, ಕಾಲಿನಿಂದ ಹೊಸಕಿದ, ಒಳಗೆ ಬಂದು ನೀರು ಕುಡಿದ. ನಾನು ಬಾಗಿಲ ಸಂದಿಯಲ್ಲಿದ್ದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅಪ್ಪ ಹೇಳಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ...

ಚಿಗವ್ವ ಒಂದೇ ಮಾತು ಆಡಿದ್ದರೆ ಸಾಕಿತ್ತು, "ಹುಡುಗಿಗೆ ಹೇಳಿದ್ದೆ" ಎಂದು. ಆಡಲಿಲ್ಲ. ಮುಂದಿನ ವರ್ಷದ ಬಿತ್ತನೆಗೆ ಎತ್ತು ಇದ್ದ ಮನೆಯವರೂ ಆಕೆಯನ್ನು ಕರೆಯಲಿಲ್ಲ. ಕರೆಯದೆ ಹೋದ ಆ ವರ್ಷವೇ ಗಂಡನನ್ನು ಕರೆದುಕೊಂಡು ತವರೂರು ಶಲವಡಿಗೆ ಹೊರಟಳು. ಹೋಗುವಾಗ ನನ್ನ ಗಲ್ಲ ಮುಟ್ಟಿ, "ಶಾಣ್ಯಾಕಿ ಆಗವ್ವಾ," ಎಂದಳು. ಬೈದಿದ್ದರೆ ವಾದಿಸಬಹುದಿತ್ತು.

ಹೋದ ವರ್ಷ ಸಂತೆಯಲ್ಲಿ ಸಿಕ್ಕ ಶಲವಡಿಯವರು ಆಕೆ ತೀರಿಹೋದ ಸುದ್ದಿ ಹೇಳಿದರು. ಆಕೆಯ ಮೇಲಿನ ಹೊಟ್ಟೆಕಿಚ್ಚು ನನಗೆ ಇನ್ನೂ ಹೋಗಿಲ್ಲ. ಮೊದಲು ಆ ಕೈ ನನಗೆ ಬೇಕಾಗಿತ್ತು. ಈಗ ಆಕೆಯಂತೆ ಮೌನವಾಗಿರುವುದು ಬೇಕೆನಿಸುತ್ತದೆ. ನನ್ನ ಮೌನ ನನ್ನನ್ನು ಕಾಪಾಡಿತು, ಆಕೆಯದೂ ನನ್ನನ್ನೇ ಕಾಪಾಡಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವಾದ ನನಗೆ ಇನ್ನೂ ಸಿಕ್ಕಿಲ್ಲ.

ಬಿಡಿಭಾಗದ ಪೊಟ್ಟಣ ತೆಗೆದುಕೊಂಡು ಅಂಗಡಿಯಿಂದ ಹೊರಟೆವು. ಊರಿಗೆ ಹೋಗುವ ಬಸ್ಸಿನಲ್ಲಿ ಕುಳಿತ ಮೇಲೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಹಿತ್ತಲಿನ ಮಾತು, ನುಂಗಿದ ಮಾತು, ಬಾಗಿಲ ಸಂದಿಯಿಂದ ಕಂಡದ್ದು, ಯಾವುದನ್ನೂ ಬಿಡಲಿಲ್ಲ. ಅಪ್ಪ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಕೇಳಿದ್ದು ಇಷ್ಟೇ:

"ನನಗ ಹೊಟ್ಟಿಕಿಚ್ಚಿತ್ತಪ್ಪಾ, ಅದಕ್ಕ ಬಾಯಿ ಮುಚ್ಚಿದೆ. ನೀ ಯಾಕ ಮುಚ್ಚಿದಿ?"