ಸೀಮೆಸುಣ್ಣದ ಹಲ್ಲು

ನಮ್ಮ ಮನೆಯಲ್ಲಿ ಇವತ್ತಿಗೂ ನನ್ನ ಕೈಗೆ ಗಾಜಿನ ಲೋಟ ಕೊಡುವುದಿಲ್ಲ. ಸೊಸೆ ಬಹಳ ಮರ್ಯಾದೆಯಿಂದ, "ಅತ್ತೆ, ನಿಮಗೆ ಸ್ಟೀಲ್ ಲೋಟದಲ್ಲೇ ಕಾಫಿ ರುಚಿ ಅಲ್ವಾ?" ಎನ್ನುತ್ತಾಳೆ. ನಾನೂ ಅಷ್ಟೇ ಮರ್ಯಾದೆಯಿಂದ ಹೌದೆನ್ನುತ್ತೇನೆ. ಇಂಥ ನಾನು ಜೀವನವಿಡೀ ಜನರ ಬಾಯಿಯೊಳಗೆ ಚೂಪಾದ ಸಲಕರಣೆ ಆಡಿಸಿ, ಒಬ್ಬರ ನಾಲಿಗೆಯನ್ನೂ ಕೊಯ್ಯದೆ ನಿವೃತ್ತಳಾದ ಹಲ್ಲಿನ ಡಾಕ್ಟರು ಎಂದರೆ ಹೊಸಬರು ನಂಬುವುದಿಲ್ಲ. ಅವರನ್ನು ನಾನು ದೂರುವುದೂ ಇಲ್ಲ. ನನಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ.

ಹುಟ್ಟಿದ್ದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ, ಬೇಸಾಯದ ಮನೆಯಲ್ಲಿ. ಚಿಕ್ಕಂದಿನಲ್ಲಿ ನಾನು ಎತ್ತಿದ ಮಜ್ಜಿಗೆ ಚೊಂಬು ನಡುಮನೆ ದಾಟಿದ್ದೇ ಇಲ್ಲ. "ಇವ್ಳ ಕೈಗೆ ಬಿದ್ದುದ್ದು ನೆಲಕ್ಕೆ ಬಿದ್ದಂಗೇಯ" ಎಂದು ಅಜ್ಜಿ ತೀರ್ಪು ಕೊಟ್ಟಾಗಿತ್ತು. ಕೈ ಹೀಗಿದ್ದರೂ ತಲೆ ಪರವಾಗಿಲ್ಲ ಎಂದು ಅಪ್ಪ ನನ್ನನ್ನು ಹಾಸನದ ಕಾಲೇಜಿಗೆ ಸೇರಿಸಿದ. ಅರವತ್ತರ ದಶಕ ಆಗಿನ್ನೂ ಶುರುವಾಗಿತ್ತು. ನಮ್ಮ ಕಡೆ ಹೆಣ್ಣುಮಗಳೊಬ್ಬಳು ಹಾಸ್ಟೆಲಿನಲ್ಲಿದ್ದು ಕಪ್ಪೆ ಕೊಯ್ಯುತ್ತಾಳೆ ಎಂಬುದೇ ಆಗ ದೊಡ್ಡ ಸುದ್ದಿ.

ಡಾಕ್ಟರಾಗಬೇಕೆಂದು ನನಗೆ ಆಸೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಪ್ರಾಣಿಶಾಸ್ತ್ರದ ಮೇಷ್ಟ್ರು ನನ್ನ ಅಂಕಪಟ್ಟಿಯನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿದರು. "ಹೃದಯಕ್ಕೆ ಈ ಮಾರ್ಕು ಸಾಲದಮ್ಮ, ಹಲ್ಲಿಗೆ ಸಾಕಾಗಬಹುದು" ಎಂದರು. ಬೆಂಗಳೂರಿನಲ್ಲಿ ಹಲ್ಲಿನ ವೈದ್ಯವೊಂದನ್ನೇ ಕಲಿಸುವ ಕಾಲೇಜು ಇದೆ ಎಂದು ನನಗೆ ತಿಳಿದದ್ದೇ ಆಗ. ಅರ್ಜಿ ಹಾಕಿದೆ.

ಈ ಸುದ್ದಿ ಊರಿಗೆ ಮುಟ್ಟಿದ್ದು ಅಜ್ಜಿಯ ಬಾಯಿಂದ. ನಮ್ಮ ಕಡೆಯ ನಾಲಿಗೆಗೆ 'ಹ' ಎಂಬ ಅಕ್ಷರ ಭಾರ. ಹಾಗಾಗಿ ಅಜ್ಜಿಯ ಬಾಯಲ್ಲಿ ಹಲ್ಲು 'ಅಲ್ಲು' ಆಯಿತು. ಜಗುಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ, "ನಮ್ಮುಡ್ಗಿ ಅಲ್ಲಿನ್ ಡಾಕ್ಟ್ರು ಆಯ್ತಾಳೆ" ಎನ್ನುವಳು.

"ಎಲ್ಲಿನ್ ಡಾಕ್ಟ್ರಮ್ಮಾ?"

"ಅಲ್ಲಿನ್ ಡಾಕ್ಟ್ರು ಕಣ್ಲಾ!"

"ಅದೇ ಕೇಳಿದ್ದು, ಎಲ್ಲಿನ್ ಡಾಕ್ಟ್ರು ಅಂತ!"

ಕೊನೆಗೆ ಅಜ್ಜಿ ತನ್ನ ಬಾಯಿ ತೆರೆದು, ಉಳಿದಿದ್ದ ಮೂರು ಹಲ್ಲುಗಳನ್ನು ಬೆರಳಿಟ್ಟು ತೋರಿಸಿದ ಮೇಲೆಯೇ ಅವರಿಗೆ ಅರ್ಥವಾಗುತ್ತಿದ್ದದ್ದು. ಅರ್ಥವಾದ ಮೇಲೆ ಅವರದು ಇನ್ನೊಂದು ಪ್ರಶ್ನೆ: "ಮುದ್ದೆ ನುಂಗೋ ಸೀಮೇಲಿ ಆ ಡಾಕ್ಟ್ರಿಗೆ ಏನ್ ಕೆಲ್ಸವಮ್ಮ?"

ನ್ಯಾಯವಾದ ಪ್ರಶ್ನೆ. ರಾಗಿಮುದ್ದೆಯನ್ನು ಅಗಿದು ತಿಂದವನನ್ನು ನಮ್ಮಲ್ಲಿ ಪರದೇಶಿ ಎಂದುಕೊಳ್ಳುತ್ತಾರೆ. ಹಾಗೆ ನೋಡಿದರೆ ಹಲ್ಲನ್ನು ನಾವು ಊಟಕ್ಕಿಂತ ಮಾತಿಗೇ ಹೆಚ್ಚು ಬಳಸಿದವರು. ಸಿಟ್ಟು ಬಂದರೆ ಹಲ್ಲು ಕಡಿಯುತ್ತೇವೆ, ಹಗೆಯಾದರೆ ಹಲ್ಲು ಮಸೆಯುತ್ತೇವೆ, ಬೇಕಾದವರ ಮುಂದೆ ಹಲ್ಲು ಗಿಂಜುತ್ತೇವೆ, ಕಷ್ಟವನ್ನು ಹಲ್ಲುಕಚ್ಚಿ ಸಹಿಸುತ್ತೇವೆ. ಸಂಸ್ಕೃತದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಸಲ ಹುಟ್ಟುವುದರಿಂದ ಹಲ್ಲನ್ನೂ ದ್ವಿಜ ಎಂದು ಕರೆದರು. ಇಷ್ಟೆಲ್ಲ ಗೌರವ ಕೊಟ್ಟ ನಾವು, ಅದು ನೋಯುವವರೆಗೆ ಒಮ್ಮೆಯೂ ಅದರ ಕಡೆ ತಿರುಗಿ ನೋಡುವುದಿಲ್ಲ.

ಕಾಲೇಜಿನಿಂದ ಪತ್ರ ಬಂತು. ಆಯ್ಕೆಗೆ ಒಂದು ಬರವಣಿಗೆಯ ಪರೀಕ್ಷೆ, ಒಂದು ಸಂದರ್ಶನ. ನಡುವೆ ಇನ್ನೊಂದು ಸಾಲು: ಅಭ್ಯರ್ಥಿಗಳ ಹಸ್ತಕೌಶಲವನ್ನು ಪರಿಶೀಲಿಸಲಾಗುವುದು; ಸೀಮೆಸುಣ್ಣದಲ್ಲಿ ಕೊಟ್ಟ ಆಕೃತಿಯನ್ನು ಕೆತ್ತಬೇಕು; ಒಂದು ಸಣ್ಣ ಚಾಕು ಮತ್ತು ಅಡಿಕೋಲನ್ನು ತಾವೇ ತರತಕ್ಕದ್ದು.

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಹಸ್ತಕೌಶಲ! ಚೊಂಬು ಬೀಳಿಸುವ ಹಸ್ತ!

ಊರ ಶಾಲೆಯ ಮೇಷ್ಟ್ರ ಹತ್ತಿರ ಸೀಮೆಸುಣ್ಣದ ಒಂದು ಪೆಟ್ಟಿಗೆ ಬೇಡಿ ತಂದು, ಅಪ್ಪನ ಚಾಕು ಹಿಡಿದು ಕೂತೆ. ಮೊದಲ ದಿನ ಪೆಟ್ಟಿಗೆಯ ಅರ್ಧ ಪುಡಿಯಾಯಿತು. ಒತ್ತಿದರೆ ಕಡ್ಡಿ ಮುರಿಯುವುದು, ಒತ್ತದಿದ್ದರೆ ಚಾಕು ಜಾರುವುದು. ಅಜ್ಜಿ ಆ ಪುಡಿಯನ್ನು ಬಳಿದು ವೀಳ್ಯದೆಲೆಗೆ ಹಚ್ಚಿ ಬಾಯಿಗಿಟ್ಟುಕೊಂಡು, "ಥೂ, ಇದ್ರಲ್ಲಿ ಖಾರಾನೇ ಇಲ್ವಲ್ಲೇ" ಎಂದು ಉಗಿದಳು. ಒಂದು ವಾರದ ಹೊತ್ತಿಗೆ ನನ್ನ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿಯಾಗಿತ್ತು, ಕೆತ್ತನೆ ಎನ್ನುವಂಥದ್ದು ಒಂದೂ ಇರಲಿಲ್ಲ. ಅಪ್ಪ ನನ್ನ ಮುಂದಿನ ರಾಶಿಯನ್ನು ನೋಡಿದ. ಅವನು ಹೆಚ್ಚು ಮಾತಾಡುವವನಲ್ಲ. "ನಾಳೆ ಪ್ಯಾಟೆಗೆ ಓಗನ, ಆಚಾರ್ರ ತಾವ" ಎಂದ.

ಆಚಾರ್ರು ಎಂದರೆ ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಒಂದು ಮಂಚದಗಲದ ಅಂಗಡಿಯಿಟ್ಟಿದ್ದ ಅಕ್ಕಸಾಲಿಗ ವೀರಭದ್ರಾಚಾರ್ರು. ನಮ್ಮ ಮನೆಯ ಓಲೆ, ಮೂಗುತಿ, ತಾಳಿ ಎಲ್ಲ ಅವರ ಕೈಯಿಂದಲೇ ಬಂದದ್ದು. ಅರವತ್ತು ದಾಟಿದ, ಒಂಟಿಯಾಗಿದ್ದ, ನಗುವಾಗಲೂ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ ಮನುಷ್ಯ. ಅಪ್ಪ ವಿಷಯ ಹೇಳಿದ. ಅವರು ನನ್ನ ಕೈಗೆ ಒಂದು ಕಡ್ಡಿ ಕೊಟ್ಟು, "ಕೆತ್ತವ್ವ, ನೋಡಾನ" ಎಂದರು. ಕೆತ್ತಿದೆ. ಮುರಿಯಿತು.

"ನಿನ್ ಕೈ ನಡುಗ್ತಾ ಇಲ್ಲ ಕಣವ್ವ. ಅದು ಗಾಳೀಲಿ ನಿಂತದೆ, ಅದ್ಕೇ ಇಂಗೆ. ಗಾಳೀಲಿ ನಿಂತಿದ್ದು ಅಲ್ಲಾಡ್ದೆ ಇದ್ದಾತಾ?"

ಅವರು ನನ್ನ ಉಂಗುರದ ಬೆರಳನ್ನು ಹಿಡಿದು ಸೀಮೆಸುಣ್ಣದ ತುದಿಗೆ ಊರಿಸಿದರು. ಚಾಕು ಹಿಡಿದ ಬೆರಳುಗಳು ಆ ಬೆರಳ ಮೇಲೆ ಭಾರ ಬಿಟ್ಟು, ಬಾಗಿಲು ತಿರುಗಣಿಯ ಮೇಲೆ ತಿರುಗಿದ ಹಾಗೆ ತಿರುಗಬೇಕು. ಹಾಗೇ ಮಾಡಿದೆ. ಚಾಕುವಿನ ಬಾಯಿಂದ ಹಿಟ್ಟಿನಂಥ ಸಣ್ಣ ಎಳೆಯೊಂದು ಎದ್ದು ಬಂತು. ಹುಟ್ಟಿದ ಮೇಲೆ ಮೊದಲ ಬಾರಿಗೆ ನನ್ನ ಕೈ ನಾನು ಹೇಳಿದ ಮಾತು ಕೇಳಿತ್ತು. ನಾನು ನನ್ನದೇ ಕೈಯನ್ನು ಬೇರೆಯವರದ್ದೋ ಎಂಬಂತೆ ನೋಡುತ್ತ ಕೂತೆ.

ಅಂದಿನಿಂದ ವಾರಕ್ಕೆ ಮೂರು ದಿನ ಅವರ ಅಂಗಡಿಗೆ ಹೋಗತೊಡಗಿದೆ. ಮೊದಲು ಚೌಕ, ಆಮೇಲೆ ಆರು ಮೂಲೆ, ಆಮೇಲೆ ಗೋಲ. ಚೌಕ ಚೌಕವಾದ ದಿನ ನಾನು ಜಂಬದಿಂದ, "ಇನ್ನು ಹಲ್ಲು ಕೆತ್ತಲಾ ಆಚಾರ್ರೇ?" ಎಂದೆ. ಅವರು ಕೈಯಲ್ಲಿದ್ದ ಇಕ್ಕುಳ ಕೆಳಗಿಟ್ಟರು. ಆಮೇಲೆ ಹರಳಿಡುವ ಡಬ್ಬಿಯಿಂದ, ಒಡವೆ ಸುತ್ತಿ ಕೊಡುವ ಗುಲಾಬಿ ಕಾಗದದ ಪೊಟ್ಟಣವೊಂದನ್ನು ತೆಗೆದು ನನ್ನ ಮುಂದೆ ಬಿಚ್ಚಿದರು. ಒಳಗೆ ಒಂದು ದವಡೆ ಹಲ್ಲು.

"ನಮ್ಮನೆಯವ್ಳದು" ಎಂದರು.

ಹನ್ನೆರಡು ವರ್ಷದ ಹಿಂದಿನ ಮಾತು. ಹಲ್ಲುನೋವೆಂದು ಆಕೆ ಲವಂಗ ಕಚ್ಚಿಕೊಂಡು ಅಡುಗೆ ಮಾಡಿದಳು. ಕೆನ್ನೆ ಊದಿತು, ಊತ ಕತ್ತಿಗಿಳಿಯಿತು. ಐದನೆಯ ದಿನ ಯಾರೋ ಕಿತ್ತು ಕೊಟ್ಟರು. ಆರನೆಯ ದಿನ ಆಕೆ ಇರಲಿಲ್ಲ.

"ಉಣ್ಸೆ ಬೀಜದಷ್ಟಿಲ್ಲ ಈ ವಸ್ತು. ಇದು ಒಂದ್ ಜೀವ ತಗಂಡು ಓಗದು ಅಂದ್ರೆ ಎಂಗೆ ಅಂತ ನಂಗೆ ತಿಳೀಲಿಲ್ಲ. ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ಗಾಜು ಆಕ್ಕಂಡು ನೋಡ್ದೆ." ಅವರು ಕಣ್ಣಿಗೆ ಕಚ್ಚಿಸಿಕೊಳ್ಳುವ ಭೂತಗನ್ನಡಿಯನ್ನು ನನ್ನ ಕೈಗಿತ್ತರು. "ನೀನೂ ನೋಡು."

ನೋಡಿದೆ. ಬರಿಗಣ್ಣಿಗೆ ಹಳದಿ ಕಲ್ಲಿನ ಹರಳಿನಂತಿದ್ದದ್ದು ಗಾಜಿನೊಳಗೆ ಒಂದು ನಾಡಾಯಿತು. ನಾಲ್ಕು ಗುಡ್ಡ, ನಡುವೆ ಕಣಿವೆಗಳು, ಕಣಿವೆಗಳು ಕೂಡುವಲ್ಲಿ ಬೋಗುಣಿಯಂಥ ತಗ್ಗು. ಯಾವ ಇಳಿಜಾರೂ ಇನ್ನೊಂದರಂತಿಲ್ಲ, ಆದರೆ ಒಂದೂ ಕೆಲಸವಿಲ್ಲದೆ ಸುಮ್ಮನೆ ಇಲ್ಲ. ಇದನ್ನು ಬಾಯಲ್ಲಿಟ್ಟುಕೊಂಡೇ ನಾವು ಸಂತೆಗೆ ಹೋಗುತ್ತೇವೆ, ಜಗಳವಾಡುತ್ತೇವೆ, ನಿದ್ದೆ ಮಾಡುತ್ತೇವೆ! ಆ ತಗ್ಗಿನ ಒಂದು ಮೂಲೆಯಲ್ಲಿ ಕಪ್ಪಗೆ ಸಾಸಿವೆ ಕಾಳಷ್ಟು ತೂತು.

"ಕಂಡುತಾ? ಮೂಗುಬಟ್ಟಲ್ಲಿ, ಜುಮ್ಕೀಲಿ ಅಂತಾ ತೂತ ಎಷ್ಟು ಮುಚ್ಚಿವ್ನೋ ಲೆಕ್ಕಿಲ್ಲ. ಮನೇಲಿದ್ದುದ್ದು ಕಾಣ್ನಿಲ್ಲ." ಅವರ ದನಿಯಲ್ಲಿ ಅಳು ಇರಲಿಲ್ಲ. ಕೆಲಸಗಾರನೊಬ್ಬ ತನ್ನ ಕೆಲಸದ ತಪ್ಪನ್ನು ಹೇಳುವ ದನಿ ಅದು. "ಇದನ್ನ ನೋಡ್ಕಂಡು ಕೆತ್ತವ್ವ."

ಪರೀಕ್ಷೆ ಎಂದರೆ ಸೀಟು ಎಂದಷ್ಟೇ ತಿಳಿದಿದ್ದ ನನಗೆ ಆ ಮಧ್ಯಾಹ್ನ ಭಯವಾಯಿತು. ಭಯ ಎಂಬ ಪದ ಸರಿಯೋ ಇಲ್ಲವೋ. ದೊಡ್ಡ ಕೆರೆಯ ಏರಿಯ ಮೇಲೆ ಮೊದಲ ಸಲ ನಿಂತ ಮಗುವಿಗೆ ಆಗುತ್ತದಲ್ಲ, ಅದು.

ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಹೊರಡುವ ಮುನ್ನ ಆಚಾರ್ರು ಅಪ್ಪನಿಗೆ ಹೇಳಿದ್ದರು: "ಆಸನಕ್ಕೆ ಓಗ್ತಾ ಮಗೀನ ಮೊಸಳೆ ಗುಡಿ ತಾವ ಇಳಿಸ್ಕಂಡು ಓಗಿ. ಕೈ ಅಂದ್ರೆ ಏನು ಅಂತ ನೋಡ್ಲಿ." ನಾನೂ ಅಪ್ಪನೂ ಬಸ್ಸಿಳಿದು ನಡೆದೆವು. ಮೊಸಳೆ ಎಂಬ ಆ ಹಳ್ಳಿಯಲ್ಲಿ ಎರಡು ಹಳೆಯ ಕಲ್ಲಿನ ಗುಡಿಗಳು ಅವಳಿ ಮಕ್ಕಳಂತೆ ಅಕ್ಕಪಕ್ಕ ನಿಂತಿವೆ. ಒಂದೇ ಚೌಕವನ್ನು ಎರಡು ಸಲ ಒಂದೇ ಥರ ಕೆತ್ತಲಾರದ ನನಗೆ, ಇಡೀ ಒಂದು ಗುಡಿಯನ್ನು ಕೆತ್ತಿ ಮುಗಿಸಿ, ಬೆವರೊರೆಸಿಕೊಂಡು, ಅಂಥದ್ದೇ ಇನ್ನೊಂದಕ್ಕೆ ಉಳಿ ಎತ್ತಿದವರ ಎದೆಗಾರಿಕೆ ಎಂಥದ್ದೆಂದು ಊಹಿಸಲೂ ಆಗಲಿಲ್ಲ. ಮೂರ್ತಿಗಳ ಕೈಯ ಒಂದೊಂದು ಬಳೆಯೂ ಬಿಡಿಬಿಡಿಯಾಗಿತ್ತು, ಬೆರಳ ಉಗುರು ಬೇರೆಯಾಗಿ ಕಾಣುತ್ತಿತ್ತು. ನಾನು ಮಾತ್ರ ಬಂದ ಕೆಲಸ ಮರೆಯದೆ ಪ್ರತಿ ಮೂರ್ತಿಯ ಬಾಯಿಯನ್ನೇ ನೋಡುತ್ತ ಸುತ್ತಿದೆ. ದೇವರುಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದರು. ಹಲ್ಲು ತೋರಿಸುತ್ತಿದ್ದವರು ಸಿಂಹಗಳು, ಮಕರಗಳು, ಒಬ್ಬಿಬ್ಬರು ಉಗ್ರರೂಪದವರು. ಅಪ್ಪನಿಗೆ ಹೇಳಿದೆ. ಅವನು ಒಂದು ಸುತ್ತು ತಾನೂ ಪರೀಕ್ಷಿಸಿ ಬಂದು, "ದೇವ್ರಿಗೆ ಅಲ್ಲುನೋವು ಇದ್ರೂ ಏಳಾಕಿಲ್ಲ ಬುಡು" ಎಂದ. ಅವನು ಜೀವನದಲ್ಲಿ ಆಡಿದ ಕೆಲವೇ ತಮಾಷೆಗಳಲ್ಲಿ ಅದೊಂದು.

ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಮೇಜುಗಳು. ಒಬ್ಬೊಬ್ಬರಿಗೂ ಎರಡು ದಪ್ಪ ಸೀಮೆಸುಣ್ಣದ ಕಡ್ಡಿ, ಒಂದು ಚಿತ್ರ. ಚಿತ್ರದಲ್ಲಿ ಹಲ್ಲಿರಲಿಲ್ಲ! ಕೆಳಗೆ ಚೌಕ, ನಡುವೆ ದುಂಡು ಕತ್ತು, ಮೇಲೆ ಇಳಿಜಾರಾದ ತಲೆ. ಉಸಿರು ಬಿಗಿಹಿಡಿದು ಶುರುಮಾಡಿದೆ. ಮುಕ್ಕಾಲು ಪಾಲು ಮುಗಿದಾಗ ಕತ್ತಿನ ಹತ್ತಿರ ಟಕ್ಕೆಂದಿತು. ತಲೆ ಉರುಳಿ ಮೇಜಿನ ಕೆಳಗೆ ಹೋಯಿತು.

ಆ ಕ್ಷಣ ನನಗೆ ಅಜ್ಜಿಯ ದನಿ ಕೇಳಿಸಿತು ಎಂದರೆ ಸುಳ್ಳಲ್ಲ. ಗಡಿಯಾರ ನೋಡಿದೆ, ಇಪ್ಪತ್ತು ನಿಮಿಷ ಉಳಿದಿತ್ತು. ಎರಡನೆಯ ಕಡ್ಡಿ ತೆಗೆದುಕೊಂಡು, ಉಂಗುರದ ಬೆರಳೂರಿ, ಮತ್ತೆ ಮೊದಲಿನಿಂದ ಕೆತ್ತಿದೆ. ಗಂಟೆ ಹೊಡೆದಾಗ ಮೂರು ಮುಖ ಆಗಿತ್ತು, ನಾಲ್ಕನೆಯದು ಒರಟಾಗಿಯೇ ಉಳಿದಿತ್ತು. ಬಿಳಿ ಕೋಟಿನ ಪರೀಕ್ಷಕರೊಬ್ಬರು ಬಂದು ಅದನ್ನು ಎತ್ತಿ ನೋಡಿದರು.

"ಪೂರ್ತಿ ಆಗಿಲ್ಲವಲ್ಲ?"

"ಇಲ್ಲ ಸಾರ್. ಮೊದಲನೆಯದು ಮುರಿಯಿತು."

"ಬೆರಳು ಊರಿ ಕೆತ್ತುವುದನ್ನು ಯಾರು ಹೇಳಿಕೊಟ್ಟರು? ಇದನ್ನು ನಾವು ಇಲ್ಲಿ ಮೊದಲ ವರ್ಷದಲ್ಲಿ ಕಲಿಸುತ್ತೇವೆ."

"ನಮ್ಮೂರ ಕಡೆಯ ಅಕ್ಕಸಾಲಿಗರು ಸಾರ್."

ಅವರು ಅದನ್ನು ತಟ್ಟೆಗಿಟ್ಟುಕೊಂಡು ಮುಂದಿನ ಮೇಜಿಗೆ ಹೋದರು. ಮಧ್ಯಾಹ್ನ ಸಂದರ್ಶನದಲ್ಲಿ ಮೂವರು ಕೂತಿದ್ದರು, ನಡುವಿನ ಕುರ್ಚಿಯಲ್ಲಿ ಅವರೇ. ಈ ವಿದ್ಯೆ ಯಾಕೆ ಬೇಕು ಎಂದು ಕೇಳಿದರು. ಮಾನವ ಸೇವೆ ಕುರಿತು ನಾನು ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಉತ್ತರ ಸಕಾಲದಲ್ಲಿ ಕೈಕೊಟ್ಟಿತು. ಬಾಯಿಗೆ ಬಂದ ಕನ್ನಡದಲ್ಲಿ, ಗುಲಾಬಿ ಕಾಗದದ ಹಲ್ಲಿನ ಸಂಗತಿ ಹೇಳಿಬಿಟ್ಟೆ. ಮುಗಿಸಿದಾಗ ಮೂವರೂ ನನ್ನನ್ನು ಬಿಟ್ಟು ಮೇಜನ್ನು ನೋಡುತ್ತಿದ್ದರು. "ಹೋಗಿ ಬಾಮ್ಮ" ಎಂದರು. ಸೋತೆ ಎಂದುಕೊಂಡೇ ಊರಿಗೆ ಬಂದೆ.

ಮೊದಲ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಯಾರೋ ಇಬ್ಬರು ವೈದ್ಯಕೀಯಕ್ಕೆ ಹಾರಿದ ಮೇಲೆ ಎರಡನೆಯ ಪಟ್ಟಿ ಬಂತು. ಅದರ ಕೊನೆಯ ಸಾಲಿನಲ್ಲಿ ನಾನಿದ್ದೆ.

ಪತ್ರ ಹಿಡಿದು ಆಚಾರ್ರ ಅಂಗಡಿಗೆ ಓಡಿದೆ. ಅವರು ಪತ್ರವನ್ನು ಮುಟ್ಟದೆ, ಬೀದಿಯ ಕಡೆ ಒಮ್ಮೆ ನೋಡಿ, ಬೆಳಕಿಗೆ ಮುಖ ಮಾಡಿ ಕೂತರು. "ಯಾರ್ಗೂ ತೋರಿಸ್ದೋನಲ್ಲ. ನೋಡವ್ವ" ಎಂದು ಬಾಯಿ ತೆರೆದರು.

ಕೆಳದವಡೆಯ ಹಲ್ಲೊಂದರ ನಡುವೆ ಚಿನ್ನ ಹೊಳೆಯುತ್ತಿತ್ತು. ಹೆಂಡತಿ ಸತ್ತ ವರುಷವೇ ತಮ್ಮ ಹಲ್ಲಿನಲ್ಲೂ ಕಪ್ಪು ಕಂಡಿತಂತೆ. ಕನ್ನಡಿ ಮುಂದಿಟ್ಟುಕೊಂಡು, ತಮ್ಮದೇ ಸಣ್ಣ ಉಳಿಯಲ್ಲಿ ಕೆಟ್ಟದ್ದನ್ನು ಕೆರೆದು, ಚಿನ್ನದ ತಗಡನ್ನು ಚೂರುಚೂರೇ ತುಂಬಿ ಒತ್ತಿದ್ದರು. "ಕಣ್ಣಲ್ಲಿ ದಳದಳ ಅಂತ ನೀರು. ಆದ್ರೂ ಮಾಡ್ದೆ. ಸರಿಯಾಗೈತೋ ಇಲ್ವೋ, ಯಾರ್ನ ಕೇಳದು? ಓದ್ಕಂಡು ಬಂದು ನೀನೇ ಏಳು."

ಮೂರನೆಯ ವರ್ಷದಲ್ಲಿ ನಮಗೆ ಚಿನ್ನದ ತಗಡು ತುಂಬುವುದನ್ನು ಕಲಿಸಿದರು. ಈ ವಿದ್ಯೆಯಲ್ಲೇ ಇದಕ್ಕಿಂತ ಕಷ್ಟದ್ದು ಇಲ್ಲ, ನಿಮ್ಮಲ್ಲಿ ಹೆಚ್ಚಿನವರಿಗೆ ಇದು ಬರುವುದೇ ಇಲ್ಲ ಎಂದರು ಪ್ರಾಧ್ಯಾಪಕರು. ಆ ರಜೆಯಲ್ಲಿ ನಾನು ಪುಟ್ಟ ಕನ್ನಡಿ, ಹಲ್ಲು ತಡಕುವ ಮೊನೆಯಾದ ಉಕ್ಕಿನ ಕಡ್ಡಿ ಹಿಡಿದು ಹೊಳೆನರಸೀಪುರಕ್ಕೆ ಹೋದೆ. ಆಚಾರ್ರು ಗೋಡೆಗೊರಗಿ ಬಾಯಿ ತೆರೆದರು. ಹಲ್ಲು ಮುಗಿದು ಚಿನ್ನ ಶುರುವಾಗುವ ಗೆರೆಯನ್ನು ಹುಡುಕುತ್ತ ಕಡ್ಡಿಯ ಮೊನೆಯನ್ನು ಆಡಿಸಿದೆ. ಎಲ್ಲಿಯೂ ತಡೆಯಲಿಲ್ಲ. ಮತ್ತೆ ಆಡಿಸಿದೆ. ಒಂದು ಕೂದಲೆಳೆಯಷ್ಟು ಸಂದೂ ಸಿಗಲಿಲ್ಲ.

"ಸರಿಯಾಗಿದೆ ಆಚಾರ್ರೇ" ಎಂದೆ.

ಅವರು ಬಾಯಿ ಮುಚ್ಚಿ, ಹೆಗಲ ವಸ್ತ್ರದಿಂದ ತುಟಿ ಒರೆಸಿಕೊಂಡರು. "ಅಂಗಾರೆ ನಾನೂ ಪಾಸು ಅನ್ನು" ಎಂದು, ಕುಲುಮೆ ಊದಲು ಬಗ್ಗಿದರು.