ಆಗಬಹುದಪ್ಪನ ಹೊಗೆಸೊಪ್ಪು

ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವನಿಗೆ ಹೆತ್ತವರು ಇಟ್ಟ ಹೆಸರು ಏನೋ ಒಂದಿತ್ತು. ಜನ ಅದನ್ನು ಎಂದೋ ಮರೆತು ‘ಆಗಬಹುದಪ್ಪ’ ಎಂದು ಕರೆಯುತ್ತಿದ್ದರು. ಕರೆಯದೆ ಇನ್ನೇನು ಮಾಡುತ್ತಾರೆ ಹೇಳಿ? ಕಾಫಿಯೋ ಟೀಯೋ ಎಂದರೆ ‘ಯಾವುದಾದರೂ ಆಗಬಹುದು’. ಕಿಟಕಿ ಪಕ್ಕ ಕೂರುತ್ತೀರೋ ಬಾಗಿಲ ಪಕ್ಕವೋ ಎಂದರೆ ‘ಎಲ್ಲಾದರೂ ಆಗಬಹುದು’. ಒಮ್ಮೆ ಕ್ಷೌರದವನು ಬೇಸತ್ತು, “ಮೀಸೆ ತೆಗೆದುಬಿಡ್ಲಾ ಸ್ವಾಮೀ?” ಎಂದು ತಮಾಷೆಗೆ ಕೇಳಿದ್ದಕ್ಕೂ ‘ಆಗಬಹುದು’ ಎಂದು, ಬೋಳು ಮೂತಿಯಲ್ಲಿ ಮನೆಗೆ ಬಂದು, ಕಟ್ಟಿಕೊಂಡ ಹೆಂಡತಿಯಿಂದಲೇ “ಯಾರು ಬೇಕಿತ್ತು?” ಎಂದು ಕೇಳಿಸಿಕೊಂಡ ಮಹಾನುಭಾವ ಅವನು.

ಇಂಥವನ ಕಸುಬು ಏನು ಗೊತ್ತೇ? ಊರವರಿಂದ ಆಯ್ಕೆ ಮಾಡಿಸುವುದು! ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ. ಬಂದವರ ಮೂಗಿನ ಮೇಲೆ ಭಾರದ ಪರೀಕ್ಷೆ ಚೌಕಟ್ಟು ಕೂರಿಸಿ, ಅದರೊಳಗೆ ಒಂದು ಗಾಜು ಇಳಿಸಿ, ತೆಗೆದು, ಇನ್ನೊಂದು ಇಳಿಸಿ, “ಇದು ಚೆನ್ನಾಗಿ ಕಾಣುತ್ತಾ, ಇದಾ? ಮೊದಲನೇದಾ, ಎರಡನೇದಾ?” ಎಂದು ದಿನವಿಡೀ ಕೇಳುತ್ತಿದ್ದ. ಯಾರಾದರೂ ತಡವರಿಸಿದರೆ ರೇಗುತ್ತಿದ್ದ. “ಕಣ್ಣು ನಿಮ್ಮದು ಸ್ವಾಮೀ, ನನ್ನದಲ್ಲ. ಗಟ್ಟಿಯಾಗಿ ಹೇಳಿ!” ದೀಪದ ಕೆಳಗೆ ಕತ್ತಲು ಅನ್ನುವುದು ಸುಮ್ಮನೆ ಅಲ್ಲ. ಹೆಂಡತಿ ಮುಂದಿನ ಕೌಂಟರಿನಲ್ಲಿ ಕೂತು ಫ್ರೇಮು ತೋರಿಸುತ್ತಿದ್ದಳು, ಸಡಿಲಾದ ಸ್ಕ್ರೂ ಬಿಗಿ ಮಾಡಿಕೊಡುತ್ತಿದ್ದಳು. ಮನೆ ಅಂಗಡಿಯ ಮೇಲೆಯೇ ಇತ್ತು.

ಹಾಯಾಗಿದ್ದ ಸಂಸಾರಕ್ಕೆ ಬೆಂಕಿ ಬಿದ್ದದ್ದು ಅಣ್ಣನ ಹುಟ್ಟುಹಬ್ಬದ ಊಟದ ದಿನ. ಅಣ್ಣ ಎಂದರೆ ತಮ್ಮನ ತದ್ವಿರುದ್ಧ. ಕಂಡದ್ದೆಲ್ಲ ಬೇಕು, ಈಗಲೇ ಬೇಕು. ಹೊಟ್ಟೆ ತುಂಬಿದ ಮೇಲಾದರೂ ಬಾಯಿ ಸುಮ್ಮನಿರಬಾರದೇ? ನೆಂಟರೆಲ್ಲರ ಮುಂದೆ ಶುರು ಹಚ್ಚಿಕೊಂಡ.

“ಇವನ ಮದುವೆ ಕತೆ ಕೇಳ್ಬೇಕು ನೀವು! ನಾನು, ಅಮ್ಮ, ಇವನು ಮಾತಾಡೋಕೆ ಅಂತ ಹುಡುಗಿ ಮನೆಗೆ ಹೋಗಿದ್ವಿ. ‘ಹೇಗಿದ್ದಾಳೋ?’ ಅಂತ ಅಮ್ಮ ಪಿಸುಮಾತಲ್ಲಿ ಕೇಳಿದ್ರೆ ಈ ಪುಣ್ಯಾತ್ಮ ಮುಖ ಸಿಂಡರಿಸ್ಕೊಂಡು, ನೆಲ ನೋಡ್ತಾ ‘ಆಗಬಹುದು’ ಅಂದ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಗಬಹುದಪ್ಪನ ಹೆಂಡತಿ ನಗಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ದಾರಿಯುದ್ದಕ್ಕೂ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಮನೆಯ ಮೆಟ್ಟಿಲು ಹತ್ತುವಾಗ ತೆರೆದಳು.

“ಅಂಗಡೀಲಿ ಬಕೆಟ್ ತಗೊಳ್ಳೋರೂ ಇದಕ್ಕಿಂತ ಜಾಸ್ತಿ ಯೋಚನೆ ಮಾಡ್ತಾರೆ ರೀ! ನಾನಲ್ಲದಿದ್ರೆ ಇನ್ಯಾರಾದ್ರೂ ಆಗ್ತಿತ್ತು, ಅಲ್ವಾ?”

“ಹಾಗಲ್ಲ ಕಣೇ...”

“ಹಾಗಲ್ಲ ಅಂದ್ರೆ ಹೇಗೆ? ಈ ಪ್ರಪಂಚದಲ್ಲಿ ನಿಮಗೆ ಅಂತ ಒಂದು ಇಷ್ಟ ಇದೆಯಾ? ಒಂದೇ ಒಂದು ತೋರಿಸಿ. ‘ಇದೇ ಬೇಕು, ಬೇರೆ ಬೇಡ’ ಅಂತ ನಿಮ್ಮ ಬಾಯಲ್ಲಿ ಒಂದು ಸಲ ಕೇಳ್ಬೇಕು ನಾನು. ನನ್ನ ವಿಷಯ ಆಮೇಲೆ ನೋಡೋಣ.”

ಅಷ್ಟು ಹೇಳಿ ತನ್ನ ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಹೆಂಡತಿಯೆಂದರೆ ಆಗಬಹುದಪ್ಪನಿಗೆ ಪ್ರಾಣ. ಆದರೆ ಅದನ್ನು ಹೇಳಬೇಕಾದ ನಾಲಿಗೆಗೆ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಗಾಜು ಒರೆಸುತ್ತಾ ನಿಂತವನ ಕಣ್ಣಿಗೆ ಎದುರಿನ ಹೊಗೆಸೊಪ್ಪಿನ ಅಂಗಡಿಯ ಬೋರ್ಡು ಬಿತ್ತು: ‘ನಿಮ್ಮ ರುಚಿಗೆ ತಕ್ಕ ಪೈಪ್ ತಂಬಾಕು ಇಲ್ಲಿ ಸಿಗುತ್ತದೆ.’ ದಿನಾ ಕಾಣುವ ಬೋರ್ಡೇ. ಆವತ್ತು ಮಾತ್ರ ಅವನಿಗೆ ಜ್ಞಾನೋದಯವಾಯಿತು. ಅಯ್ಯೋ, ತನಗಿಲ್ಲದ್ದನ್ನು ರಸ್ತೆ ದಾಟಿದರೆ ಮಾರುತ್ತಿದ್ದಾರಲ್ಲ!

ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ಸೇದದವನು ಒಳಗೆ ಹೋಗಿ ನಿಂತ. ಅಂಗಡಿಯವನು ಗತ್ತಿನಿಂದ ಕೇಳಿದ. “ತಮ್ಮ ರುಚಿ ಯಾವ ಥರದ್ದು ಸಾರ್?”

“ಅದನ್ನೇ ಕೊಂಡುಕೊಳ್ಳೋಣ ಅಂತ ಬಂದೆ.”

ಅಂಗಡಿಯವನು ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಆದರೂ ವ್ಯಾಪಾರ ವ್ಯಾಪಾರವೇ ತಾನೆ? ನಾಲ್ಕು ಪೊಟ್ಟಣ ಮುಂದಿಟ್ಟ. ಒಂದಕ್ಕೆ ಚೆರ್ರಿ ಹಣ್ಣಿನ ಪರಿಮಳ, ಒಂದಕ್ಕೆ ಜೇನಿನದು, ಒಂದು ಏನೂ ಬೆರೆಸದ ಹಳದಿ ಎಲೆ, ಇನ್ನೊಂದು ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಕರಿ ಎಲೆ. “ಒಂದು ಪೈಪಿಗೆ ಒಂದೇ ಜಾತಿ ಹಾಕಿ ಸಾರ್, ಇಲ್ಲಾಂದ್ರೆ ಹಳೇದರ ವಾಸನೆ ಹೊಸದಕ್ಕೆ ಅಂಟುತ್ತೆ. ಜೋರಾಗಿ ಎಳೀಬೇಡಿ, ನಾಲಿಗೆ ಸುಟ್ಟುಹೋಗುತ್ತೆ,” ಎಂದು ಹೇಳಿ, ನಾಲ್ಕು ಪೈಪುಗಳನ್ನೂ ತಲೆಗೆ ಕಟ್ಟಿ ಕಳಿಸಿದ.

ಸಂಜೆ ಅಂಗಡಿ ಮುಚ್ಚಿದ ಮೇಲೆ ಪರೀಕ್ಷೆ ಶುರುವಾಯಿತು. ಅವನಿಗೆ ಗೊತ್ತಿದ್ದದ್ದು ಒಂದೇ ವಿಧಾನ, ಕನ್ನಡಕದ್ದು. ತಾನೇ ಎತ್ತರದ ಕುರ್ಚಿ ಹತ್ತಿ ಕೂತ. ಪರೀಕ್ಷೆ ಚೌಕಟ್ಟನ್ನು ಮೂಗಿಗೇರಿಸಿ, ಕಣ್ಣು ಮುಚ್ಚಲು ಇಡುವ ಕಪ್ಪು ಬಿಲ್ಲೆಗಳನ್ನು ಎರಡೂ ಕಡೆ ಹಾಕಿಸಿಕೊಂಡು, ಗೂಡಿನಲ್ಲಿ ಕೂತ ಹಕ್ಕಿಮರಿಯಂತೆ ಬಾಯಿ ತೆರೆದ. ಹೆಂಡತಿ ಮುನಿಸಿನಲ್ಲಿದ್ದರೂ ಬಂದಳು. ಗಂಡ ಒಂದು ಸಲವಾದರೂ ‘ಇದೇ’ ಅನ್ನುತ್ತಾನೋ ಎಂದು ನೋಡುವ ಆಸೆ ಅವಳಿಗೂ ಇತ್ತು. ಒಂದೊಂದೇ ಪೈಪು ಬಾಯಿಗಿಟ್ಟು ಕೇಳತೊಡಗಿದಳು.

“ಮೊದಲನೇದಾ, ಎರಡನೇದಾ?”

“ಎರಡೂ ಒಂದೇ ಥರ ಇದೆಯಪ್ಪಾ.”

“ಬಾಯಿ ನಿಮ್ಮದು ಸ್ವಾಮೀ, ನನ್ನದಲ್ಲ. ಗಟ್ಟಿಯಾಗಿ ಹೇಳಿ!”

ಕೆಮ್ಮಿದ, ಕಣ್ಣಲ್ಲಿ ನೀರು ಸುರಿಸಿದ, ಇನ್ನೊಮ್ಮೆ ಕೊಡು ಎಂದ. ಕನ್ನಡಕ ರಿಪೇರಿಗೆ ಕೊಟ್ಟಿದ್ದ ಪೋಸ್ಟ್‌ಮ್ಯಾನ್ ಬಾಗಿಲು ತಳ್ಳಿ ಇಣುಕಿದವನು, ಕುರ್ಚಿಯ ಮೇಲೆ ಕಣ್ಣು ಕಟ್ಟಿಸಿಕೊಂಡು ಹೊಗೆ ಬಿಡುತ್ತಿದ್ದ ಯಜಮಾನನನ್ನು ಕಂಡು, “ನಾಳೆ ಬರ್ತೀನಿ,” ಎಂದು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ. ಕರಿ ಎಲೆಯ ಸರದಿ ಬಂದಾಗಲಂತೂ ಹೆಂಡತಿಯೇ ಕಿಟಕಿಗೆ ಓಡಿದಳು. “ಇದೇನ್ರೀ ಗ್ರಹಚಾರ! ಟೈರು ಸುಟ್ಟು ಅದರ ಮೇಲೆ ಒದ್ದೆ ಚಪ್ಪಲಿ ಒಣಹಾಕಿದ ಹಾಗಿದೆ!” ಅವನೂ ಹರಳೆಣ್ಣೆ ಕುಡಿದವನಂತೆ ಮುಖ ಮಾಡಿ, “ಏನೋ... ಪರವಾಗಿಲ್ಲ,” ಎಂದ.

ವಾರವಿಡೀ ಇದೇ ಕತೆ. ಪರದೆ, ಮಂಚ, ಗೋಡೆಯ ಅಕ್ಷರ ಎಲ್ಲಕ್ಕೂ ವಾಸನೆ ಹತ್ತಿತು. ಆಯ್ಕೆ ಮಾತ್ರ ಆಗಲಿಲ್ಲ. ದಿಂಬು ಇನ್ನೂ ಪಕ್ಕದ ಕೋಣೆಯಲ್ಲೇ ಇತ್ತು.

ಕೊನೆಗೆ ಹೆಂಡತಿ ಕಸುಬಿನ ಹಳೆಯ ಉಪಾಯ ಹೂಡಿದಳು. ಕಣ್ಣಿನ ವಿಷಯದಲ್ಲಿ ಸುಳ್ಳು ಹೇಳುವ ಗಿರಾಕಿಗಳಿರುತ್ತಾರೆ ನೋಡಿ. ಅವರಿಗೆ ಒಂದೇ ಗಾಜನ್ನು ತೆಗೆದಂತೆ ಮಾಡಿ ಮತ್ತೆ ಅದನ್ನೇ ಇಟ್ಟು, “ಈಗ?” ಎನ್ನುವುದುಂಟು. ಅವಳೂ ಚೆರ್ರಿಯ ಪೈಪನ್ನು ತೆಗೆದಂತೆ ಮಾಡಿ ಮತ್ತೆ ಅದನ್ನೇ ಬಾಯಿಗಿಟ್ಟಳು. ಇವನಿಗೋ ಹೇಗಾದರೂ ಈ ಪರೀಕ್ಷೆ ಮುಗಿಸಿ ಹೆಂಡತಿಯನ್ನು ಸಮಾಧಾನ ಮಾಡಿದರೆ ಸಾಕಾಗಿತ್ತು.

“ಮೊದಲನೇದು ಬರೀ ಸಪ್ಪೆ,” ಎಂದ ಗಂಭೀರವಾಗಿ. “ಎರಡನೇದು, ಆಹಾ! ಏನು ಗಾಂಭೀರ್ಯ, ಏನು ಕತೆ! ಹಿಂದಿನಿಂದ ಮೆಲ್ಲಗೆ ಒಂದು ಸಿಹಿ ಬರುತ್ತೆ. ಎರಡನೇದೇ ನನ್ನದು. ಬೇರೆ ಬೇಡವೇ ಬೇಡ.”

ಕಪ್ಪು ಬಿಲ್ಲೆಗಳು ಟಕ್ಕೆಂದು ಹೊರಬಂದವು. ಎದುರಿಗೆ ಹೆಂಡತಿಯ ಮುಖ, ಅವಳ ಕೈಯಲ್ಲಿ ಒಂದೇ ಪೈಪು.

“ಎರಡು ಸಲಾನೂ ಇದೇ ರೀ,” ಎಂದಳು. ರೇಗಲಿಲ್ಲ, ಅದೇ ಭಯವಾದದ್ದು. “ನನ್ನನ್ನ ಮೆಚ್ಚಿಸೋಕೆ ಇಷ್ಟ ಅಂತ ಸುಳ್ಳು ಹೇಳಿಬಿಟ್ರಲ್ಲ. ಇನ್ನು ನೀವು ನನ್ನ ಬಗ್ಗೆ ಏನು ಹೇಳಿದ್ರೂ ನಂಬೋದು ಹೇಗೆ?”

ಅವಳು ಮುಖ ಒರೆಸಿಕೊಂಡು, ಕಸದ ಬುಟ್ಟಿ ಎಳೆದುಕೊಂಡು, ಪೊಟ್ಟಣಗಳನ್ನು ಎಸೆಯತೊಡಗಿದಳು. ಚೆರ್ರಿ ಹೋಯಿತು. ಸುಮ್ಮನಿದ್ದ. ಜೇನು ಹೋಯಿತು. ಸುಮ್ಮನಿದ್ದ. ಹಳದಿ ಎಲೆಯೂ ಹೋಯಿತು. ಕರಿ ಎಲೆಯದನ್ನು ಎತ್ತಿದಾಗ ಅದು ಹಗುರಾಗಿತ್ತು. ಇದ್ಯಾಕೆ ಹೀಗೆ ಎಂದುಕೊಂಡು ಬುಟ್ಟಿಯ ಮೇಲೆ ಕೈ ಚಾಚಿದಳು, ಅಷ್ಟೇ.

“ಅದನ್ನ ಮುಟ್ಬೇಡ! ಅದು ನನ್ನದು! ನನಗೆ ಅದೇ ಬೇಕು!”

ಆಗಬಹುದಪ್ಪ ಕುರ್ಚಿಯಿಂದ ಹಾರಿದ್ದ. ಪರೀಕ್ಷೆ ಚೌಕಟ್ಟು ಒಂದು ಕಿವಿಯಿಂದ ನೇತಾಡುತ್ತಿತ್ತು. ಕೂಗಿದ್ದು ತಾನೇ ಹೌದೋ ಅಲ್ಲವೋ ಎಂದು ಅವನೇ ಸುತ್ತ ನೋಡಿಕೊಂಡ.

ಹೆಂಡತಿ ಪೊಟ್ಟಣ ಬಿಚ್ಚಿ ನೋಡಿದಳು. ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. “ಕಳ್ಳ! ನಾನಿಲ್ಲದಾಗ ಸೇದಿ ಮುಗಿಸಿದ್ದೀರಾ? ಇದನ್ನ ಬಾಯಿಗಿಟ್ಟಾಗೆಲ್ಲ ಮುಖ ಸಿಂಡರಿಸ್ತಿದ್ರಲ್ರೀ! ಮೊದಲ ದಿನಾನೇ ಹಿಡಿಸಿದ್ರೆ ಹೇಳೋಕೇನಾಗಿತ್ತು?”

“ಹೇಳಿದ್ರೆ ಹೋಗಿಬಿಡುತ್ತೆ ಕಣೇ.”

“ಏನು ಹೋಗುತ್ತೆ?”

ಅವನು ಸಿಕ್ಕಿಬಿದ್ದ ಕೊಲೆಗಾರನಂತೆ ತಲೆ ತಗ್ಗಿಸಿದ. “ಇಷ್ಟ ಆಗಿದ್ದು. ಚಿಕ್ಕಂದಿನಲ್ಲಿ ನಾನು ಗಾಳಿಪಟ ಚೆನ್ನಾಗಿದೆ ಅಂದೆ, ಅಣ್ಣನಿಗೆ ಅದೇ ಬೇಕಾಯ್ತು. ನಾಯಿಮರಿ ಮುದ್ದಾಗಿದೆ ಅಂದೆ, ಅದೂ ಅವನದಾಯ್ತು. ‘ಅವನು ಹಟ ಮಾಡ್ತಾನೆ, ನೀನು ಒಳ್ಳೆಯವನು, ಕೊಟ್ಬಿಡೋ’ ಅಂತಿದ್ರು ಅಮ್ಮ. ಬರೀ ಒಳ್ಳೆಯವನಾಗಿ ಸಾಕಾಗಿಹೋಯ್ತು. ಆಮೇಲೆ ಒಂದು ಗೊತ್ತಾಯ್ತು. ಮುಖ ಸಿಂಡರಿಸಿದ್ರೆ ಅವನು ಅದನ್ನ ತಿರುಗಿಯೂ ನೋಡಲ್ಲ. ನನಗೇ ಉಳಿಯುತ್ತೆ.”

ಹೆಂಡತಿ ಮೆಲ್ಲಗೆ ಹೋಗಿ ಆ ಎತ್ತರದ ಕುರ್ಚಿಯ ಮೇಲೆ ಕೂತಳು.

“ನಮ್ಮ ಮನೆಗೆ ಬಂದಾಗ ನಿಮ್ಮಣ್ಣನಿಗೂ ಮದುವೆ ಆಗಿರಲಿಲ್ಲ,” ಎಂದಳು.

“ಇಲ್ಲ.”

“ನಿಮ್ಮ ಪಕ್ಕದಲ್ಲೇ ಕೂತಿದ್ರು.”

“ಪಕ್ಕದಲ್ಲೇ. ಅವನು ನಿನ್ನನ್ನ ನೋಡ್ಲೇ ಇಲ್ಲ ಕಣೇ, ನನ್ನ ಮುಖಾನೇ ನೋಡ್ತಿದ್ದ. ನೀನು ಬಂದು ಕೂತೆಯಲ್ಲ, ಅಷ್ಟು ಇಷ್ಟ ನನಗೆ ಜೀವಮಾನದಲ್ಲಿ ಯಾವುದೂ ಆಗಿರಲಿಲ್ಲ. ಇನ್ನೊಂದು ಕ್ಷಣ ನಿನ್ನ ಕಡೆ ನೋಡಿದ್ರೆ ಅವನಿಗೆ ಗೊತ್ತಾಗಿಬಿಡ್ತಿತ್ತು. ಅದಕ್ಕೇ ನೆಲ ನೋಡಿದೆ. ಅಮ್ಮ ಕೇಳಿದಾಗ ಮುಖ ಸಿಂಡರಿಸಿದೆ.”

ಅವಳು ನಕ್ಕಳೋ ಅತ್ತಳೋ ಹೇಳುವುದು ಕಷ್ಟ, ಎರಡೂ ಒಟ್ಟಿಗೇ ಬಂದವು. “ಅಯ್ಯೋ ನನ್ನ ರಾಜಾ! ಅವರಿಗೆ ಮೊಮ್ಮಕ್ಕಳಾದ್ವಲ್ರೀ! ಈಗಲೂ ಕಿತ್ಕೊಂಡು ಹೋಗ್ತಾರೆ ಅಂತ ಇದ್ರಾ?”

“ಅವನನ್ನ ನಂಬೋಕಾಗಲ್ಲ,” ಎಂದ ಆಗಬಹುದಪ್ಪ.

ಅವಳು ಪೈಪನ್ನೂ ಪೊಟ್ಟಣವನ್ನೂ ಅವನ ಕೈಗೆ ತುರುಕಿ, ಬಾಗಿಲ ಕಡೆ ನೂಕಿದಳು. “ನಡೀರಿ, ಈ ದರಿದ್ರ ಇನ್ನು ಮನೆಯೊಳಗೆ ಬೇಡ. ಮೆಟ್ಟಿಲ ಮೇಲೆ ಕೂತು ಸೇದಿ.” ಅವನು ಹೋಗಿ ಕೂತು, ಉಳಿದಿದ್ದ ಚಿಟಿಕೆಯನ್ನು ತುಂಬಿ ಹೊತ್ತಿಸಿದ. ಟೈರು, ಒದ್ದೆ ಚಪ್ಪಲಿ ಎಲ್ಲ ಬೀದಿಗೆ ಹರಡಿತು. ಸ್ವಲ್ಪ ಹೊತ್ತಿಗೆ ಅವಳೂ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಂದು, ಅವನಿಗೆ ಒತ್ತಿಕೊಂಡು ಅದೇ ಮೆಟ್ಟಿಲ ಮೇಲೆ ಕೂತಳು.

“ರೀ, ನನ್ನ ವಿಷಯ ಇನ್ನೊಂದು ಸಲ ಹೇಳಿ,” ಎಂದಳು ಕರವಸ್ತ್ರದೊಳಗಿಂದ.

ಅವನು ಪೈಪು ಕೆಳಗಿಟ್ಟು, ಎದುರಂಗಡಿಯವನು ಹೊರಗೆ ಬಂದು ನೋಡುವಷ್ಟು ಗಟ್ಟಿಯಾಗಿ ಹೇಳಿದ.