ಓದದೆ ದಾಟಿದ ಕಲಂ

ಹೊಸದುರ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ನನ್ನದೊಂದು ಮೇಜಿದೆ. ಪತ್ರ ಬರೆಯುವುದು ನನ್ನ ಕಸುಬು. ಕ್ರಯ, ದಾನ, ವಿಭಾಗ, ಯಾವುದೇ ಇರಲಿ, ಸಹಿಗೆ ಮುಂಚೆ ಎಲ್ಲರ ಎದುರು ಗಟ್ಟಿಯಾಗಿ ಓದುತ್ತೇನೆ. ಓದುವಾಗ ನಮ್ಮ ಮೇಜುಗಳಲ್ಲಿ ಒಂದು ರೂಢಿಯಿದೆ. ಎದುರಿಗೆ ಕೂತವರು ಸತ್ತ ಮೇಲೆ ಏನಾಗಬೇಕು ಎಂಬ ಸಾಲು ಬಂದಾಗ ಮನೆಯವರು ಕೈ ಅಡ್ಡ ಹಿಡಿಯುತ್ತಾರೆ. ಬದುಕಿರುವವರ ಮುಂದೆ ಅದನ್ನು ಬಾಯಲ್ಲಿ ಆಡಬಾರದು. ನಾನು ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಂದಿನದಕ್ಕೆ ಹೋಗುತ್ತೇನೆ. ನನಗೆ ಮುಂಚೆ ಇದೇ ಮೇಜಿನಲ್ಲಿದ್ದ ನನ್ನ ತಂದೆಯೂ ಹಾಗೆಯೇ ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ಮಾಡದಕೆರೆಯಿಂದ ಒಬ್ಬ ವಿಧವೆ ಬಂದರು. ಜೊತೆಗೆ ಮೂವತ್ತು ದಾಟಿದ ಮಗಳು. ಮಗಳಿಗೆ ಮಾತು ಬಾರದು, ಬುದ್ಧಿ ಬೆಳೆದಿಲ್ಲ, ಮೂರ್ಛೆರೋಗಕ್ಕೆ ದಿನಕ್ಕೊಂದು ಮಾತ್ರೆ ನುಂಗಬೇಕು. ತಾಯಿಗೆ ಹೃದಯದ ಕಾಯಿಲೆ. ತನ್ನ ನಂತರವೂ ತೆಂಗಿನ ತೋಟ ಮಗಳನ್ನು ಸಾಕಬೇಕು ಎಂಬುದಷ್ಟೇ ಆಕೆಯ ಆಸೆ. ಟ್ರಸ್ಟ್ ಪತ್ರ ಮಾಡಿಸಿ ಎಂದು ನಾನೇ ಹೇಳಿದೆ.

"ಹಂಗಂದ್ರೆ ಏನ್ರಿ?"

"ಕುಂತ್ಕಳ್ರಿ, ಹೇಳ್ತೀನಿ. ತೋಟ ಬಿಟ್ಟುಕೊಡೋರು ನೀವು, ನ್ಯಾಸಕರ್ತೆ. ನೋಡ್ಕಳೋನು ಟ್ರಸ್ಟಿ. ಹೆಸರು ಅವಂದು, ಅನುಭೋಗ ನಿಮ್ಮ ಮಗಳದು. ಆಕೆ ಫಲಾನುಭವಿ."

"ಅವ್ನು ಮೋಸ ಮಾಡಿದ್ರೆ?"

"ನಂಬಿಕೆ ದ್ರೋಹ ಆಗ್ತೈತೆ. ಕೋರ್ಟಲ್ಲಿ ಜವಾಬು ಹೇಳ್ಬೇಕಾಗ್ತೈತೆ."

"ಜವಾಬು ಕೇಳೋರು ಯಾರು?"

"ಫಲಾನುಭವಿ" ಎಂದೆ. ಹಾಗೆನ್ನುವಾಗ ಮಗಳ ಕಡೆ ನೋಡಲಿಲ್ಲ.

ಟ್ರಸ್ಟಿಯಾಗಲು ಗಂಡನ ಅಣ್ಣನ ಮಗ ಒಪ್ಪಿದ. ಹಿರಿಯೂರಿನಲ್ಲಿ ಕೊಬ್ಬರಿ ವ್ಯಾಪಾರ ಅವನದು. ಮಗಳ ನಂತರ ತೋಟ ಊರಿನ ಶಾಲೆಗೆ ಸೇರಲಿ ಎಂದು ತಾಯಿ ಹೇಳಿದ್ದರು. ಕರಡಿನಲ್ಲಿ ಹಾಗೆಯೇ ಬರೆದಿದ್ದೆ. ಟೈಪು ಮಾಡಿಸುತ್ತೇನೆಂದು ಕರಡನ್ನು ಅವನು ಒಯ್ದ. ನೋಂದಣಿಯ ದಿನ ಛಾಪಾ ಕಾಗದದ ಮೇಲೆ ನೀಟಾಗಿ ಅಚ್ಚಾದ ಪತ್ರ ತಂದ.

"ಚಿತ್ರದುರ್ಗದಾಗೆ ಟೈಪ್ ಮಾಡ್ಸಿದೀನಿ. ನಿಮ್ಮ ಅಕ್ಷರ ಓದಾಕೆ ದೇವ್ರೇ ಬರ್ಬೇಕು ನೋಡ್ರಿ" ಎಂದು ನಕ್ಕ. ನಾನೂ ನಕ್ಕೆ.

ಹತ್ತು ಕಲಂ ಓದಿದೆ. ಹನ್ನೊಂದನೆಯದು "ಫಲಾನುಭವಿಯ ಕಾಲಾನಂತರ" ಎಂದು ಶುರುವಾಗಿತ್ತು. ಮೊದಲ ಪದ ಬಾಯಿಂದ ಹೊರಡುತ್ತಿದ್ದಂತೆ ತಾಯಿ ಕೈ ಅಡ್ಡ ತಂದರು. "ಅದೊಂದು ಬ್ಯಾಡ್ರಿ. ಕೂಸು ಮುಂದೇ ಐತೆ."

ಹೆಬ್ಬೆರಳಿಡುವ ಮುಂಚೆ ಕಣ್ಣು ಸಾಲನ್ನು ಮುಗಿಸಿತ್ತು. ಫಲಾನುಭವಿಯ ಕಾಲಾನಂತರ ಷೆಡ್ಯೂಲು ಸ್ವತ್ತು ಟ್ರಸ್ಟಿಗೆ ಸಂಪೂರ್ಣ ಹಕ್ಕಿನಿಂದ ಸೇರತಕ್ಕದ್ದು. ಶಾಲೆಯ ಮಾತೇ ಇರಲಿಲ್ಲ. ತಲೆ ಎತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ. ಮನೆಯವರೇ ಮಾತಾಡಿಕೊಂಡು ಬದಲಿಸಿರಬಹುದು ಎಂದುಕೊಂಡೆ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಪುಟ ತಿರುಗಿಸಿದೆ. ಕೊನೆಯಲ್ಲಿ ನನ್ನ ಕೈಯಿಂದಲೇ "ಪೂರ್ತಿ ಓದಿ ಹೇಳಲಾಗಿದೆ, ಕೇಳಿ ಒಪ್ಪಿರುತ್ತಾರೆ" ಎಂದು ಬರೆದು ಸಹಿ ಹಾಕಿದೆ. ತಾಯಿ ಹೆಬ್ಬೆಟ್ಟು ಒತ್ತಿದರು. ಪತ್ರ ರದ್ದತಿಗೆ ಅವಕಾಶವಿಲ್ಲದ್ದು.

ಕಳೆದ ವರ್ಷ ತಾಯಿ ತೀರಿಕೊಂಡರು. ಮಗಳನ್ನು ಅವನು ಹಿರಿಯೂರಿಗೆ ಕರೆದೊಯ್ದ ಎಂದು ಯಾರೋ ಹೇಳಿದರು. ಒಳ್ಳೆಯದಾಯಿತು ಎಂದುಕೊಳ್ಳಲು ನೋಡಿದೆ, ಆಗಲಿಲ್ಲ. ಈ ಬೇಸಿಗೆಯಲ್ಲಿ ಬೇರೆ ಕೆಲಸಕ್ಕೆ ಹಿರಿಯೂರಿಗೆ ಹೋದಾಗ ಅವನ ಮನೆ ಹುಡುಕಿದೆ.

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕೊಬ್ಬರಿ ಗೋದಾಮಿನ ಹಿಂದೆ ಅಂಗಳ. ಅಂಗಳದ ನಡುವೆ ನೆಲಮಟ್ಟದ ನೀರಿನ ಸಂಪು, ಆಳುದ್ದ ಇರಬೇಕು. ಮುಚ್ಚಳ ಇರಲಿಲ್ಲ. ಅದರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಆಕೆ ಪಾತ್ರೆ ತೊಳೆಯುತ್ತಿದ್ದಳು. ಬಗ್ಗಿ ಚೊಂಬಿನಲ್ಲಿ ನೀರು ಮೊಗೆಯುತ್ತಿದ್ದಳು.

"ಬರ್ರಿ ಬರ್ರಿ, ಏನು, ನಮ್ಮನ್ನ ತಪಾಸಣೆ ಮಾಡಾಕೆ ಬಂದ್ರಾ?" ಅವನು ಕುರ್ಚಿ ಎಳೆದ.

"ಮಾತ್ರೆ ಕೊಡ್ತಿದೀರಾ?"

"ನಿಲ್ಸೀವಿ. ತಿಂದ್ರೆ ದಿನವೆಲ್ಲ ಮಂಕು ಹಿಡ್ಕಂಡು ಮಲಗ್ತಿದ್ಲು. ಈಗ ನೋಡ್ರಿ, ಎಷ್ಟು ಚುರುಕಾಗವ್ಳೆ."

"ಮೂರ್ಛೆ ಬರಲ್ವಾ?"

"ಬರ್ತೈತೆ. ಮೊನ್ನೆನೂ ಬಂತು. ಅದಾಗೇ ಹೋಗ್ತೈತೆ."

"ಸಂಪಿಗೆ ಮುಚ್ಚಳ ಇಲ್ವಲ್ಲ?"

"ಒಡ್ದೋಗೈತೆ, ಹಾಕಿಸ್ಬೇಕು." ಮತ್ತೆ ನಕ್ಕ. "ನೀವು ಪತ್ರ ಬರ್ದೋರು, ಮುಚ್ಚಳಕ್ಕೂ ಒಂದು ಕಲಂ ಬರೀಬೇಕಿತ್ತಪ್ಪ."

ಅವನು ಕೇಡು ಬಯಸಿದ್ದಾನೆಂದು ನಾನು ಹೇಳಲಾರೆ. ಅವನ ಮನಸ್ಸಿನೊಳಗೆ ನಾನು ಹೋಗಿಲ್ಲ. ಅವನು ಆಕೆಯ ಮೇಲೆ ಕೈ ಎತ್ತಬೇಕಾಗಿಲ್ಲ, ಬಾಗಿಲು ಹಾಕಬೇಕಾಗಿಲ್ಲ, ಏನನ್ನೂ ಮಾಡಬೇಕಾಗಿಲ್ಲ ಎಂಬುದಷ್ಟೇ ನನಗೆ ಗೊತ್ತು. ಸುಮ್ಮನಿದ್ದರೆ ಸಾಕು. ಆ ಹನ್ನೊಂದನೆಯ ಕಲಂ ತಿಳಿದವರು ಆ ಅಂಗಳದಲ್ಲಿ ನಾವಿಬ್ಬರೇ.

ಆಕೆಯ ಮಾತ್ರೆಯ ಚೀಟಿ ಇದ್ದದ್ದು ಹೊಸದುರ್ಗದ ವೈದ್ಯರೊಬ್ಬರ ಹತ್ತಿರ; ಮರಳಿ ಬಂದವನೇ ಅವರನ್ನು ಕಂಡೆ. ಮಾತ್ರೆ ಹೀಗೆ ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಹೇಳಿ ಅವರು ಮತ್ತೆ ಮಾತ್ರೆ ಬರೆದುಕೊಟ್ಟರು. ಅಲ್ಲಿಂದ ಚಿತ್ರದುರ್ಗಕ್ಕೆ ಹೋಗಿ ವಕೀಲರೊಬ್ಬರನ್ನು ಕಂಡೆ. ನಾನು ಒಯ್ದಿದ್ದ ಟ್ರಸ್ಟ್ ಪತ್ರದ ನಕಲನ್ನು ಎರಡು ಸಲ ಓದಿ ಅವರು ಕನ್ನಡಕ ತೆಗೆದರು.

"ಟ್ರಸ್ಟಿನ ತೆಗೆಸ್ಬೋದು. ಆದ್ರೆ ಕೇಳೋ ಹಕ್ಕು ಆಯಮ್ಮಂದು. ಆಯಮ್ಮನ ಕೈಲಿ ಕೇಳಾಕಾಗಲ್ಲ. ಆಕೆ ಪರವಾಗಿ ನಿಂತು ದಾವೆ ಹಾಕಾಕೆ ಒಬ್ರು ವಾದಮಿತ್ರ ಬೇಕು."

"ನಾನೇ ನಿಲ್ತೀನಿ."

"ನೀವಾ? ಹಂಗಾದ್ರೆ ಹನ್ನೊಂದನೇ ಕಲಂ ಓದಿ ಹೇಳ್ಲಿಲ್ಲ ಅಂತ ಪ್ರಮಾಣ ಮಾಡ್ಬೇಕಾಗ್ತೈತೆ. ಓದಿದೀನಿ ಅಂತ ನಿಮ್ದೇ ಕೈಬರಹ ಇಲ್ಲೈತೆ. ಲೈಸೆನ್ಸ್ ಹೋಗ್ತೈತ್ರಿ, ಸ್ವಾಮಿ. ಮೇಲೆ ಇನ್ನೇನು ಬರ್ತೈತೋ."

ಪ್ರಮಾಣಪತ್ರವನ್ನು ಅಲ್ಲೇ ಕೂತು ಬರೆದೆ. ಓದಲಿಲ್ಲ ಎಂದಷ್ಟೇ ಬರೆದರೆ ಸಾಕು ಎಂದರು ವಕೀಲರು. ಕಣ್ಣಲ್ಲಿ ಓದಿದ್ದೆ, ತಿಳಿದೂ ಸುಮ್ಮನಾದೆ ಎಂದು ಸೇರಿಸಿದೆ.

ದಾವೆ ಹೂಡಿದೆವು; ವಿಚಾರಣೆಗೆ ಮೂರು ವಾರದ ಆಚೆಯ ದಿನಾಂಕ ಸಿಕ್ಕಿತು. ಅಂದಿನಿಂದ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಹಿರಿಯೂರಿಗೆ ಹೋಗಿ, ಮಾತ್ರೆ ನುಂಗಿಸಿ, ನೀರು ಕುಡಿಸಿ ಬರುತ್ತಿದ್ದೇನೆ. ಮೊದಮೊದಲು ಅವನು ತಡೆಯಲಿಲ್ಲ. "ಡಾಕ್ಟ್ರು ಬಂದ್ರು, ದಾರಿ ಬಿಡ್ರಪ್ಪ" ಎಂದು ಗೋದಾಮಿನ ಆಳುಗಳಿಗೆ ಕೂಗಿ ಹೇಳುತ್ತಿದ್ದ. ಹಳೇ ಹಲಗೆಯೊಂದನ್ನು ಸಂಪಿನ ಮೇಲೆ ಎಳೆದು ಹಾಕಿ ಬರುತ್ತಿದ್ದೆ. ಮರುದಿನ ಹೋದಾಗ ಅದು ಗೋಡೆಗೆ ಒರಗಿರುತ್ತಿತ್ತು. ಯಾರು ಸರಿಸುತ್ತಾರೋ ನಾನು ಕಂಡಿಲ್ಲ.

ನಿನ್ನೆ ಅವನಿಗೆ ಕೋರ್ಟಿನ ನೋಟಿಸು ಮುಟ್ಟಿತು. ಇವತ್ತು ಗೇಟಿಗೆ ಬೀಗ ಬಿದ್ದಿತ್ತು. ಮನೆಯಲ್ಲಿ ಯಾರೂ ಇಲ್ಲ ಎಂದು ಆಳೊಬ್ಬ ನನ್ನ ಮುಖ ನೋಡದೆ ಹೇಳಿದ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಕರೆದೆ. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಆಕೆ ಸೀರೆಯ ಸೆರಗು ಒದ್ದೆ ಮಾಡಿಕೊಂಡು ಗೇಟಿನ ಹತ್ತಿರ ಬಂದು, ಸರಳುಗಳ ನಡುವಿಂದ ಅಂಗೈ ಚಾಚಿದಳು. ಮಾತ್ರೆ ಇಟ್ಟೆ. ನುಂಗಿ, ಬಾಯಿ ಅಗಲ ತೆರೆದು ತೋರಿಸಿದಳು.

ದಿನಾಂಕಕ್ಕೆ ಇನ್ನೂ ಹನ್ನೆರಡು ದಿನ ಇದೆ. ಬೀಗ ಬಿದ್ದ ಆ ಅಂಗಳದೊಳಗೆ ಇವತ್ತು ಸಂಪಿನ ಮೇಲೆ ಹಲಗೆ ಎಳೆಯಲು ನನಗಾಗಲಿಲ್ಲ.